ಲೋಹ ಕಲಿಯುವ ಮಕ್ಕಳ ಕೆಲಸ: ಕಂಬಾರ, ಪತ್ತಾರ, ಕಂಚಗಾರ ಮನೆಗಳಿಗೆ ಒಂದು ಬಹಿರಂಗ ಪತ್ರ

ಅಕ್ಕಿಆಲೂರು ಹಾಗೂ ಸುತ್ತಲಿನ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಂಬಾರ, ಪತ್ತಾರ, ಕಂಚಗಾರ ಮನೆತನಗಳ ಹಿರಿಯರಿಗೆ,

ಲೋಹಕಲೆಯ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಅಂಗೈ ಅಗಲದ ಒಂದು ತಾಮ್ರದ ತಗಡು. ಅದರಿಂದ ಆಭರಣವನ್ನಾಗಲಿ ಪಾತ್ರೆಯನ್ನಾಗಲಿ ಮಾಡಬೇಕಿಲ್ಲ. ಗೆರೆ ಎಳೆದು, ದಾರದಷ್ಟು ಸಣ್ಣ ಗರಗಸದಿಂದ ಗೆರೆಯ ಹೊರಗೇ ಕೊಯ್ದು, ಅರದಿಂದ ಗೆರೆಯವರೆಗೆ ಉಜ್ಜಿ, ಬಡಿದು, ಕಾಯಿಸಿ, ಮತ್ತೆ ಬಡಿದು, ತಗಡು ಎಲ್ಲಿಯವರೆಗೆ ಒಪ್ಪುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಬರೆದಿಡಬೇಕು. ರಜೆಗೆ ಊರಿಗೆ ಬಂದ ಹುಡುಗನೋ ಹುಡುಗಿಯೋ ಚೀಲದಿಂದ ತೆಗೆದು ತೋರಿಸುವುದು ಇಂಥ ತುಂಡುಗಳನ್ನೇ. ಇಷ್ಟು ತಿಂಗಳಲ್ಲಿ ಇಷ್ಟೇನಾ ಎಂಬ ಮಾತು ಮನೆಯಲ್ಲಿ ಬರುವುದು ಸಹಜ. ಅಂಗಡಿಯ ಲೆಕ್ಕದಲ್ಲಿ ಅದು ನ್ಯಾಯವೂ ಹೌದು. ಕಲಾಶಾಲೆಯ ಸ್ಟುಡಿಯೊದ ಲೆಕ್ಕ ಬೇರೆ. ಅಲ್ಲಿ ಬೆಲೆ ಸಿಗುವುದು ವಸ್ತುವಿಗಿಂತ ಹೆಚ್ಚಾಗಿ ಅದನ್ನು ಮಾಡಿದ ಕ್ರಮಕ್ಕೆ, ಆ ಕ್ರಮವನ್ನು ಬರೆದಿಟ್ಟ ವಹಿಗೆ. ಆ ಕೆಲಸಗಳು ಒಂದರ ಹಿಂದೊಂದು ಹೇಗೆ ಬರುತ್ತವೆ, ಒಂದೊಂದರಲ್ಲೂ ಕಲಿಯಲು ಏನಿದೆ ಎಂಬುದೇ ಈ ಪತ್ರದ ವಿಷಯ.

ತಾಮ್ರದಿಂದ ಆರಂಭಿಸಲು ಕಾರಣವಿದೆ. ಅದು ಮೆದು, ಸುತ್ತಿಗೆ ಹೇಳಿದಂತೆ ಕೇಳುತ್ತದೆ, ಕೆಟ್ಟರೆ ಬೆಳ್ಳಿಯಷ್ಟು ನಷ್ಟವಿಲ್ಲ. ಬಡಿಯುತ್ತ ಹೋದಂತೆ ಲೋಹದೊಳಗಿನ ಹರಳುಗಳು ತಿರುಚಿಕೊಂಡು ತಗಡು ಬಿರುಸಾಗುತ್ತದೆ. ಸುತ್ತಿಗೆಯ ಸದ್ದೇ ಬದಲಾಗಿ, ಮೊದಲು ಮಂದವಾಗಿ ಕೇಳುತ್ತಿದ್ದದ್ದು ಕಣಕಣ ಎನ್ನತೊಡಗುತ್ತದೆ. ಆಮೇಲೂ ಬಡಿದರೆ ಅಂಚಿನಲ್ಲಿ ಸೀಳು ಬೀಳುತ್ತದೆ. 400ರಿಂದ 650 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಿಸಿದರೆ ಹರಳುಗಳು ಹೊಸದಾಗಿ ಕಟ್ಟಿಕೊಂಡು ತಗಡು ಮತ್ತೆ ಮೆತ್ತಗಾಗುತ್ತದೆ. ಇದಕ್ಕೆ ಯಾವ ಮಾಪಕವನ್ನೂ ಇಡುವುದಿಲ್ಲ. ಅರೆಗತ್ತಲಲ್ಲಿ ಕಾಣುವ ಮಂಕು ಕೆಂಪೇ ಅಳತೆ. ಬಿಸಿಲು ಬೀಳುವ ಕಿಟಕಿಯ ಬಳಿ ಕಾಯಿಸಿದರೆ ಆ ಕೆಂಪು ಕಣ್ಣಿಗೆ ಬೀಳದೆ ಲೋಹ ಅತಿಯಾಗಿ ಕಾಯುತ್ತದೆ. ಹಳೆಯ ಕುಲುಮೆಗಳನ್ನು ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಹೂಡುವುದೇಕೆ ಎಂದು ಕಂಬಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಾಯಿಸಿದ ತಾಮ್ರವನ್ನು ನೀರಿಗೆ ಅದ್ದುವ ಹೊತ್ತಿಗೆ ಕಂಬಾರರ ಮನೆಯ ಮಕ್ಕಳೇ ಉಳಿದವರಿಗಿಂತ ಹೆಚ್ಚು ಗಲಿಬಿಲಿಗೊಳ್ಳುತ್ತಾರೆ. ಲಾರಿಯ ಪಾಟಾ ಬಡಿದು ಮಾಡಿದ ಕುಡಗೋಲನ್ನು ಕೆಂಪಗಿರುವಾಗಲೇ ನೀರಿಗೆ ಅದ್ದಿದರೆ ಅದು ಗಟ್ಟಿಯಾಗುವುದನ್ನು ಅವರು ಚಿಕ್ಕಂದಿನಿಂದ ನೋಡಿರುತ್ತಾರೆ. ತಾಮ್ರವನ್ನು ಹಾಗೆಯೇ ಅದ್ದಿದರೆ ಅದು ಮೆತ್ತಗೇ ಹೊರಬರುತ್ತದೆ. ಒಂದೇ ಬೆಂಕಿ, ಒಂದೇ ನೀರು, ಫಲ ತದ್ವಿರುದ್ಧ. ಉಕ್ಕಿನಲ್ಲಿ ಇಂಗಾಲವಿದೆ. ಕೆಂಪು ಕಾವಿನಲ್ಲಿ ಅದು ಕಬ್ಬಿಣದೊಳಗೆ ಬೆರೆತುಕೊಂಡಿರುತ್ತದೆ. ತಟ್ಟನೆ ತಣಿಸಿದಾಗ ಹೊರಬೀಳಲು ಸಮಯ ಸಾಲದೆ ಒಳಗೇ ಸಿಕ್ಕಿಕೊಂಡು ಹರಳುಗಳನ್ನು ಬಿಗಿದುಬಿಡುತ್ತದೆ. ಹಾಗೆ ಬಿಗಿದ ಉಕ್ಕು ಒಂದೇ ಪೆಟ್ಟಿಗೆ ಒಡೆಯಬಹುದಾದ್ದರಿಂದ ಮತ್ತೊಮ್ಮೆ ಹಗುರವಾಗಿ ಕಾಯಿಸಿ ಹದಕ್ಕೆ ತರಬೇಕು. ಉಜ್ಜಿ ಬೆಳ್ಳಗೆ ಮಾಡಿದ ಮೈಮೇಲೆ ಒಣಹುಲ್ಲಿನ ಬಣ್ಣ ಓಡಿದರೆ ಕಾವು ಸುಮಾರು 220 ಡಿಗ್ರಿ, ನೀಲಿ ಓಡಿದರೆ 300ರ ಹತ್ತಿರ. ತಾಮ್ರದಲ್ಲಿ ಬಿಗಿಯಲು ಇಂಗಾಲವೇ ಇಲ್ಲ. ನೀರು ಅದನ್ನು ಬೇಗ ತಣಿಸಿ ಮೇಲಿನ ಕರಿ ಪದರ ಉದುರಿಸುತ್ತದೆ, ಅಷ್ಟೆ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ, ಎರಡೂ ತುಂಡುಗಳನ್ನು ಬಾಗಿಸಿ ನೋಡಿ, ಕಂಡದ್ದನ್ನು ಬರೆಯುವುದು ಮೊದಲ ವರ್ಷದ ಒಳ್ಳೆಯ ಅಭ್ಯಾಸಗಳಲ್ಲಿ ಒಂದು. ಅಪ್ಪನ ಕೈಗೆ ಗೊತ್ತಿದ್ದ ಹದಕ್ಕೆ ಮಗಳ ವಹಿಯಲ್ಲಿ ಕಾರಣ ಸಿಗುತ್ತದೆ.

ಐಟಿಐ ಸೇರಿದವರ ಆರಂಭವೂ ಇದಕ್ಕೆ ದೂರವಲ್ಲ. ಎರಡು ವರ್ಷದ ಫಿಟ್ಟರ್ ವಿಭಾಗದಲ್ಲಿ ಉಕ್ಕಿನ ತುಂಡನ್ನು ಅರದಿಂದ ಉಜ್ಜಿ, ಟ್ರೈ ಸ್ಕ್ವೇರ್ ಹಿಡಿದರೆ ಬೆಳಕು ನುಸುಳದಷ್ಟು ಸಮ ಮಾಡಬೇಕು. ಅಲ್ಲಿ ಎಲ್ಲರ ತುಂಡೂ ಒಂದೇ ಅಳತೆಗೆ ಬರಬೇಕು. ಸ್ಟುಡಿಯೊದಲ್ಲಿ ಸ್ವಲ್ಪ ಕಾಲದ ನಂತರ ಒಬ್ಬರದು ಇನ್ನೊಬ್ಬರದರಂತೆ ಇರಬಾರದು. ಐಟಿಐ ಮುಗಿಸಿ ಕಲಾಶಾಲೆಗೆ ಹೋದವರ ಕೈ ಬೇಗ ನೆಲೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ತಗಡು ಹದಕ್ಕೆ ಬಂದ ಮೇಲೆ ಬಟ್ಟಲು. ದುಂಡಗೆ ಕತ್ತರಿಸಿದ ತಗಡನ್ನು ಮರದ ಕುಳಿಯಲ್ಲಿಟ್ಟು ಒಳಗಿನಿಂದ ಬಡಿದು ತಗ್ಗಿಸುವುದು ಒಂದು ವಿಧಾನ. ಉಕ್ಕಿನ ಮೊಟ್ಟಿನ ಮೇಲಿಟ್ಟು ಹೊರಗಿನಿಂದ ಬಡಿಯುತ್ತ ಗೋಡೆ ಎಬ್ಬಿಸುವುದು ಇನ್ನೊಂದು. ಎರಡನೆಯದು ಕಷ್ಟ. ಕೈವಾರದಿಂದ ಒಂದರೊಳಗೊಂದು ವೃತ್ತ ಎಳೆದುಕೊಂಡು, ಆ ಗೆರೆಗಳ ಗುಂಟ ಸುತ್ತು ಸುತ್ತಾಗಿ ಏಟು ಹಾಕಬೇಕು. ಒಂದು ಸುತ್ತು ಮುಗಿದಾಗ ಲೋಹ ಬಿರುಸಾಗಿರುತ್ತದೆ, ಕಾಯಿಸಬೇಕು. ಮತ್ತೆ ಒಂದು ಸುತ್ತು. ಅವಸರಪಟ್ಟರೆ ಗೋಡೆಯಲ್ಲಿ ಮಡಿಕೆ ಬೀಳುತ್ತದೆ, ಮಡಿಕೆಯ ಮೇಲೆ ಏಟು ಬಿದ್ದರೆ ಅಲ್ಲಿಯೇ ಬಿರುಕು. ತಗಡು ಎಷ್ಟು ಅಗಲ ಬೇಕೆಂಬುದಕ್ಕೆ ಒಂದು ಸ್ಥೂಲ ಸೂತ್ರವಿದೆ: ಬಟ್ಟಲಿನ ಸರಾಸರಿ ವ್ಯಾಸಕ್ಕೆ ಎತ್ತರ ಕೂಡಿಸಿದರೆ ತಗಡಿನ ವ್ಯಾಸ. 10 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಬಟ್ಟಲಿಗೆ ಸುಮಾರು 15 ಸೆಂಟಿಮೀಟರಿನ ತಗಡು. ಪೇಟೆಯಲ್ಲಿ ಯಂತ್ರ ಒತ್ತಿದ ಬಟ್ಟಲು ಇದಕ್ಕಿಂತ ನುಣುಪು, ಇದಕ್ಕಿಂತ ಅಗ್ಗ. ಆ ಹೋಲಿಕೆಯನ್ನು ವಿದ್ಯಾರ್ಥಿಯ ಎದುರು ಎತ್ತದಿದ್ದರೆ ಒಳ್ಳೆಯದು. ಅವರಿಗೂ ಅದು ಗೊತ್ತಿರುತ್ತದೆ.

ಇಂಥ ಬೇಸರದ ಕೆಲಸದಿಂದ ದೊಡ್ಡ ಕೆಲಸ ಹುಟ್ಟಿದ ನಿದರ್ಶನಗಳಿವೆ. ಜರ್ಮನಿಯ ಬೌಹೌಸ್ ಕಲಾಶಾಲೆಯ ಲೋಹ ವಿಭಾಗಕ್ಕೆ ಮರಿಯಾನೆ ಬ್ರಾಂಟ್ ಸೇರಿದಾಗ ಹೆಂಗಸಿಗೆ ಇಲ್ಲೇನು ಕೆಲಸ ಎಂಬ ಧೋರಣೆಯಿತ್ತು. ಬಿರುಸು ಲೋಹದಲ್ಲಿ ಪುಟ್ಟ ಅರ್ಧಗೋಲಗಳನ್ನು ಬಡಿಯುವ ಕೆಲಸವನ್ನೇ ಆಕೆಗೆ ಕೊಡುತ್ತ ಹೋದರು. 1924ರಲ್ಲಿ ಆಕೆ ಮಾಡಿದ ಪುಟ್ಟ ಚಹಾ ಕೆಟಲಿನ ಮೈ ಅದೇ ಅರ್ಧಗೋಲ. ಇಂದು ಅದು ಇಪ್ಪತ್ತನೆಯ ಶತಮಾನದ ಹೆಸರಾಂತ ಲೋಹವಸ್ತುಗಳಲ್ಲಿ ಒಂದು. 1928ರಲ್ಲಿ ಆ ವಿಭಾಗದ ಹೊಣೆ ಆಕೆಯ ಕೈಗೇ ಬಂತು. ತಿದಿ ಎಳೆದ, ಘನ ಬೀಸಿದ ಹೆಣ್ಣುಮಕ್ಕಳನ್ನು ಕಂಡಿರುವ ಕಂಬಾರ ಮನೆಗಳಿಗೆ ಇದು ವಿಚಿತ್ರವೆನಿಸಬಾರದು. ಆದರೂ ಹೆಣ್ಣುಮಗಳನ್ನು ಲೋಹ ಕಲಿಯಲು ಕಳಿಸುವಾಗ ಇದೇ ಮನೆಗಳು ಹಿಂದೆಮುಂದೆ ನೋಡುತ್ತವೆ.

ಬಟ್ಟಲಿನ ನಂತರ ಮುಚ್ಚಳವಿರುವ ಡಬ್ಬಿ, ಅದರೊಂದಿಗೆ ಬೆಸುಗೆ. ಇದನ್ನು ಪತ್ತಾರರ ಮನೆಯವರು ಕರಡಿಗೆಯ ಮೂಲಕ ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯ ಎರಡು ಹೋಳುಗಳು ಬಿಗಿಯಾಗಿ ಕೂರಬೇಕು, ಆದರೆ ದಿನವೂ ಪೂಜೆಯ ಹೊತ್ತಿಗೆ ಸಲೀಸಾಗಿ ಬಿಚ್ಚಬೇಕು. ದಾರ ಪೋಣಿಸುವ ಕೊಂಡಿಗಳು ವರ್ಷಗಟ್ಟಲೆ ಎಳೆತ ತಡೆಯಬೇಕು. ಕಲಾಶಾಲೆಯ ಡಬ್ಬಿಯ ಪರೀಕ್ಷೆಯೂ ಇದೇ. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ. ಬೆಸುಗೆ ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ 650ರಿಂದ 780ರ ನಡುವೆ ಹರಿಯುವ ಮಿಶ್ರಲೋಹ. ಹೆಚ್ಚು ಕಾವಿಗೆ ಹರಿಯುವುದನ್ನು ಮೊದಲು, ಕಡಿಮೆ ಕಾವಿನದನ್ನು ಕೊನೆಗೆ ಬಳಸಿದರೆ ಹಿಂದಿನ ಜೋಡಣೆ ಬಿಚ್ಚಿಕೊಳ್ಳುವುದಿಲ್ಲ. ಬೆಸುಗೆ ಸಂದು ತುಂಬುವುದಿಲ್ಲ. ಎರಡು ಅಂಚುಗಳು ಒಂದಕ್ಕೊಂದು ತಾಗಿರಬೇಕು, ಮೈ ಶುದ್ಧವಾಗಿರಬೇಕು, ಬಿಳಿಗಾರ ಹಚ್ಚಿರಬೇಕು, ಜ್ವಾಲೆ ಬೆಸುಗೆಯ ತುಣುಕನ್ನಲ್ಲ, ಇಡೀ ವಸ್ತುವನ್ನು ಕಾಯಿಸಬೇಕು. ಮೊದಲ ಡಬ್ಬಿಗಳು ಹಾಳಾಗುವುದು ಬಹುತೇಕ ಈ ಕೊನೆಯ ತಪ್ಪಿನಿಂದ.

ಬೆಸುಗೆಯ ಪಾಠದಲ್ಲಿಯೇ ಸುರಕ್ಷತೆಯ ಮಾತೂ ಬರುತ್ತದೆ. ಕೆಡಿಎಂ ಎಂದು ಊರೂರಲ್ಲಿ ಹೆಸರಾದ ಬೆಸುಗೆಯಲ್ಲಿದ್ದದ್ದು ಕ್ಯಾಡ್ಮಿಯಂ. ಅದರ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ, ಮತ್ತು ಅದನ್ನು ಕುಡಿಯುವವರು ಆಭರಣ ತೊಡುವವರಲ್ಲ, ಅಗ್ಗಿಷ್ಟಿಕೆಯ ಮುಂದೆ ಕುಳಿತವರು. ಕಲಾಶಾಲೆಗಳು ಈಗ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಬಳಸಲು ಕಲಿಸುತ್ತವೆ. ಮಕ್ಕಳು ಮನೆಗೆ ಬಂದು ಕಿಟಕಿ ತೆರೆಯಿರಿ, ಫ್ಯಾನ್ ಹಾಕಿಸಿರಿ ಎಂದರೆ ಅದು ಪೇಟೆಯ ನಾಜೂಕಲ್ಲ.

ಎರಕದ ಪಾಠದಲ್ಲಿ ವಿದ್ಯಾರ್ಥಿ ತಗಡನ್ನು ಬಿಟ್ಟು ಮೇಣಕ್ಕೆ ಬರುತ್ತಾನೆ. ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ನಯವಾದ ಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣ ಹೊರಹಾಕಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವ ಈ ಕ್ರಮ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಆ ಸಂಸ್ಕೃತ ಗ್ರಂಥ ರಚನೆಯಾದಾಗ ಪಾನುಂಗಲ್ಲು, ಅಂದರೆ ಇಂದಿನ ಹಾನಗಲ್ಲು, ಅದೇ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಮೇಣದ ತೂಕಕ್ಕೆ ಇಂತಿಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕವನ್ನೂ ಅದು ಕೊಡುತ್ತದೆ. ಇಂದಿನ ವಿದ್ಯಾರ್ಥಿ ಅದನ್ನು ಸಾಂದ್ರತೆಯಿಂದ ಹಾಕುತ್ತಾನೆ: ಮೇಣದ ಸಾಂದ್ರತೆ ನೀರಿಗಿಂತ ತುಸು ಕಡಿಮೆ, ಬೆಳ್ಳಿಯದು 10.5, ಹಿತ್ತಾಳೆಯದು 8.5ರ ಆಸುಪಾಸು. ಹಾಗಾಗಿ 20 ಗ್ರಾಂ ಮೇಣದ ಮೂರ್ತಿಗೆ ಬೆಳ್ಳಿ ಸುಮಾರು 220 ಗ್ರಾಂ, ಹಿತ್ತಾಳೆ ಸುಮಾರು 180 ಗ್ರಾಂ. ಲೋಹ ಇಳಿಯುವ ದಾರಿ, ಮೇಲಿನ ಬಾಯಿ ತುಂಬಲು ಇನ್ನಷ್ಟು. ಹಿತ್ತಾಳೆ ಕರಗಿಸುವಾಗ ಅದರೊಳಗಿನ ಸತು ಬೇಗ ಆವಿಯಾಗುತ್ತದೆ, ಏಕೆಂದರೆ ಸತು ಕುದಿಯುವುದೇ 907 ಡಿಗ್ರಿಗೆ. ಮೂಸೆಯಿಂದ ಏಳುವ ಬಿಳಿ ಹೊಗೆ ಅದೇ. ಅದನ್ನು ಕುಡಿದ ದಿನ ಸಂಜೆ ಚಳಿಜ್ವರ ಬರುತ್ತದೆ.

ಕರ್ನಾಟಕದಲ್ಲಿ ಲೋಹ ಕಲಿಯುವವರು ಬಿದರಿಯನ್ನು ನೋಡದೆ ಮುಂದೆ ಹೋಗುವುದಿಲ್ಲ, ಹೋಗಲೂಬಾರದು. ಬೀದರಿನ ಈ ಕಲೆಯ ಮೂಲಲೋಹದಲ್ಲಿ ಸತುವೇ ಹೆಚ್ಚು; 16 ಪಾಲು ಸತುವಿಗೆ 1 ಪಾಲು ತಾಮ್ರವೆಂಬುದು ವಾಡಿಕೆಯ ಲೆಕ್ಕ. ಎರಕ ಹೊಯ್ದ ಹೂಜಿಯನ್ನು ಅರದಿಂದ ಸಮ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಕೊರೆಯುವ ಗೆರೆ ಬೆಳ್ಳಗೆ ಎದ್ದು ಕಾಣಲೆಂದು. ಚಾಣದಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಎಣ್ಣೆ ಸವರಿದರೆ ಆ ಕಪ್ಪು ಗಾಢವಾಗುತ್ತದೆ. ಈ ಕಲೆಗಾಗಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಿದ್ಯಾರ್ಥಿಗೆ ಇದರಲ್ಲಿ ಸಿಗುವುದು ಬಣ್ಣದ ಪಾಠ: ಲೋಹಕ್ಕೆ ಮೇಲಿಂದ ಬಣ್ಣ ಬಳಿಯಬೇಕಿಲ್ಲ, ಯಾವ ಲೋಹ ಯಾವುದಕ್ಕೆ ಕಪ್ಪಾಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿದರೆ ಸಾಕು.

ಇಷ್ಟರವರೆಗಿನವು ಕೊಟ್ಟ ಕೆಲಸಗಳು. ನಂತರ ಬರುವುದು ವಿದ್ಯಾರ್ಥಿಯೇ ಆಯ್ದುಕೊಳ್ಳುವ ಸ್ವಂತ ಯೋಜನೆ, ಮತ್ತು ಹೆಚ್ಚಿನವರು ತಡವರಿಸುವುದು ಇಲ್ಲಿ. ದೂರದ ವಿನ್ಯಾಸ ಪುಸ್ತಕಗಳಿಂದ ರೂಪ ತೆಗೆದುಕೊಳ್ಳುವುದು ಸುಲಭ, ಫಲ ಸಪ್ಪೆ. ಹಾವೇರಿ ಜಿಲ್ಲೆಯ ವಿದ್ಯಾರ್ಥಿಗೆ ಕೈಗೆ ಸಿಗುವ ವಸ್ತುಗಳು ಊರಲ್ಲಿಯೇ ಇವೆ. ಹಾನಗಲ್ಲ ತಾರಕೇಶ್ವರ ಗುಡಿಯ ಒಳಛಾವಣಿಯ ಕಮಲವನ್ನು ಅರಗಿನ ಮೇಲಿಟ್ಟ ತಗಡಿನಲ್ಲಿ ಉಬ್ಬಿಸಬಹುದು. ಬೋರಮಾಳದ ಟೊಳ್ಳು ಗುಂಡುಗಳನ್ನು ಹೊಸ ಅಳತೆಯಲ್ಲಿ ಕಟ್ಟಬಹುದು. ಎಲ್ಲಕ್ಕಿಂತ ಹೆಚ್ಚು ಕೆಲಸವಿರುವುದು ಕೋಡಣಸಿನಲ್ಲಿ, ಅಂದರೆ ಎತ್ತು, ಹೋರಿಗಳ ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆಯ ಅಣಸಿನಲ್ಲಿ. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಸ್ಪರ್ಧೆಗೆ ಕೊಬ್ಬರಿ ಸರ, ಬಲೂನು, ರಿಬ್ಬನ್ನುಗಳ ನಡುವೆ ಅದೂ ಹೊರಬೀಳುತ್ತದೆ.

ನೋಡಲು ಸರಳವಾದ ಈ ವಸ್ತುವನ್ನು ಕಾಗದದಿಂದ ಆರಂಭಿಸಬೇಕು. ಬುಡದಲ್ಲಿ 4 ಸೆಂಟಿಮೀಟರ್ ಅಗಲ, ಓರೆ ಎತ್ತರ 12 ಸೆಂಟಿಮೀಟರ್ ಇರುವ ಶಂಕುವಿಗೆ, 12 ಸೆಂಟಿಮೀಟರ್ ತ್ರಿಜ್ಯದ ವೃತ್ತದಿಂದ 60 ಡಿಗ್ರಿಯ ತುಂಡನ್ನು ಕತ್ತರಿಸಿ ಸುರುಳಿ ಸುತ್ತಿದರೆ ಸರಿಹೋಗುತ್ತದೆ, ಜೋಡಣೆಗೆ ತುಸು ಹೆಚ್ಚು ಬಿಟ್ಟುಕೊಂಡು. ಆದರೆ ಯಾವ ಹೋರಿಯ ಕೊಂಬೂ ನೆಟ್ಟನೆಯ ಶಂಕುವಲ್ಲ, ಎಡದ ಕೊಂಬು ಬಲದಂತಿರುವುದೂ ಇಲ್ಲ. ದಾರ ಸುತ್ತಿ ಅಳತೆ ತೆಗೆದು, ಮೇಣದಲ್ಲೋ ಜೇಡಿಯಲ್ಲೋ ತುದಿಯ ಅಚ್ಚು ಮಾಡಿಕೊಂಡು, ಶಂಕುವನ್ನು ಬೆಸೆದ ಮೇಲೆ ಬಾಗಿನ ಕಡೆ ಬಡಿದು ಹಿಗ್ಗಿಸಬೇಕು. ಒಳ ಅಂಚನ್ನು ಮಡಿಚಬೇಕು, ಇಲ್ಲವಾದರೆ ಓಡುವ ಹೋರಿಯ ಕೊಂಬಿಗೂ ಹಿಡಿಯುವವರ ಕೈಗೂ ಗಾಯ. ತೂಕ ಹೆಚ್ಚಾದರೆ ಪ್ರಾಣಿ ತಲೆ ಕೊಡವುತ್ತದೆ. ಅಣಸಿಗೆ ಗೆಜ್ಜೆ ಕಟ್ಟುವುದಾದರೆ ಅದರ ದನಿ ಎಷ್ಟು ದೂರ ಕೇಳಬೇಕು ಎಂಬುದೂ ವಿನ್ಯಾಸದ ಪ್ರಶ್ನೆಯೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿತ್ತಾಳೆಯನ್ನು ತಣ್ಣಗೆ ಬಡಿದು ಹಾಗೆಯೇ ಬಿಟ್ಟರೆ ಒಳಗೆ ಎಳೆತ ಉಳಿದಿರುತ್ತದೆ. ಅಂಥ ಹಿತ್ತಾಳೆಗೆ ಅಮೋನಿಯಾ ತಾಗಿದರೆ, ಯಾರೂ ಮುಟ್ಟದಿದ್ದರೂ, ಅದು ಬಿರುಕು ಬಿಡುತ್ತದೆ. ಇದು ಮೊದಲು ಗಮನಕ್ಕೆ ಬಂದದ್ದು ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ತೋಟಾಗಳಲ್ಲಿ: ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ದಾಸ್ತಾನಿಟ್ಟ ಹಿತ್ತಾಳೆಯ ಕೋಶಗಳು ಸೀಳಿಹೋಗುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಮತ್ತು ಲೋಹದೊಳಗಿನ ಎಳೆತ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿವರಣೆ ಸಿಕ್ಕಿತು. ದನದ ಕೊಟ್ಟಿಗೆಯ ಗೂಟಕ್ಕೆ ವರ್ಷವಿಡೀ ತೂಗುಹಾಕಿದ ಕೋಡಣಸಿಗೂ ಅದೇ ಗಾಳಿ. ಕೆಲಸ ಮುಗಿದ ಮೇಲೆ 250ರಿಂದ 300 ಡಿಗ್ರಿಯಲ್ಲಿ ಹಗುರವಾಗಿ ಕಾಯಿಸಿದರೆ ಗಡಸುತನ ಬಹುಪಾಲು ಉಳಿದು ಎಳೆತ ಇಳಿಯುತ್ತದೆ. ಹಳೆಯ ಕೋಡಣಸುಗಳಲ್ಲಿ ಯಾವುವು ಸೀಳಿವೆ, ಯಾವುವು ಇಲ್ಲ ಎಂದು ಮನೆ ಮನೆ ತಿರುಗಿ ನೋಡಿ ಬರೆದರೆ ಅದೊಂದೇ ಒಂದು ವರ್ಷದ ಯೋಜನೆಗೆ ಸಾಕಾದ ವಸ್ತು.

ಇಂಥ ತಿರುಗಾಟಕ್ಕೆ ಮಾದರಿಯಿದೆ. ಬಂಗಾಳದ ಶಿಲ್ಪಿ ಮೀರಾ ಮುಖರ್ಜಿ ಮ್ಯೂನಿಕ್‌ನಲ್ಲಿ ಕಲಿತು ಬಂದ ಮೇಲೆ ಬಸ್ತರಿನ ಎರಕದವರ ಬಳಿ ಕುಳಿತು ಮತ್ತೆ ಕಲಿತರು. ದೇಶದ ಲೋಹಕರ್ಮಿಗಳನ್ನು ಹುಡುಕಿಕೊಂಡು ಹೋಗಿ ಅವರ ವಿಧಾನಗಳನ್ನು ಬರೆದ ಅವರ ಪುಸ್ತಕ 1978ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಯ ವಹಿ ಅದರ ಸಣ್ಣ ರೂಪ. ಅದರಲ್ಲಿ ಚಿತ್ರ ಮಾತ್ರವಲ್ಲ, ತಗಡಿನ ದಪ್ಪ, ಎಷ್ಟು ಬಾರಿ ಕಾಯಿಸಿದ್ದು, ಮೊದಲಿನ ಮತ್ತು ಕೊನೆಯ ತೂಕ, ಕೆಟ್ಟ ತುಂಡಿನ ಫೋಟೊ, ಕೆಟ್ಟದ್ದೇಕೆಂಬ ಊಹೆ ಎಲ್ಲ ಇರಬೇಕು. ಕೆಲಸ ಮುಗಿದ ಮೇಲೆ ತರಗತಿಯವರೆಲ್ಲ ಸುತ್ತ ಕೂತು ಒಬ್ಬರ ವಸ್ತುವನ್ನು ಕೈಯಿಂದ ಕೈಗೆ ದಾಟಿಸುತ್ತ ಮಾತಾಡುತ್ತಾರೆ. ಇದು ಯಾಕೆ ಇಷ್ಟು ದಪ್ಪ, ಈ ಸುತ್ತಿಗೆ ಗುರುತು ಬೇಕೆಂದು ಬಿಟ್ಟದ್ದೋ ಬಿಟ್ಟುಹೋದದ್ದೋ ಎಂಬ ಪ್ರಶ್ನೆಗಳಿಗೆ ವಹಿ ನೋಡಿಯೇ ಉತ್ತರಿಸಬೇಕು.

ಕಲಿಯುವ ಜಾಗಗಳು ತೀರ ದೂರವೇನಿಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲೆಗಳ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಕಲಾಪದವಿಯ ದಾರಿ. ಕೈಕಸುಬನ್ನೇ ನೇರವಾಗಿ ಬಯಸುವವರಿಗೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕ್ ಆಶ್ರಯದ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಕಲ್ಲು, ಮರದ ಜೊತೆಗೆ ಲೋಹವನ್ನೂ ಅಲ್ಲಿ ಕಲಿಸುತ್ತಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆ, ಪತ್ತಾರಿಕೆ ಎರಡೂ ಸೇರಿವೆ. ಅದರ 15,000 ರೂಪಾಯಿಯ ಹತ್ಯಾರದ ನೆರವು ನಿಜಕ್ಕೂ ಉಪಯುಕ್ತ. ಐದರಿಂದ ಏಳು ದಿನದ ಮೂಲ ತರಬೇತಿಯನ್ನು ಮಾತ್ರ ಕಲಿಕೆ ಎಂದುಕೊಳ್ಳಬಾರದು; ಅಷ್ಟರಲ್ಲಿ ಒಂದು ಬಟ್ಟಲಿನ ಗೋಡೆಯೂ ಏಳುವುದಿಲ್ಲ.

ಹಿರಿಯರಿಂದ ಈ ಮಕ್ಕಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಅಂಗಡಿಯಲ್ಲಿ ಕೂರಲು ಒಂದು ಜಾಗ. ರಜೆಯಲ್ಲಿ ಕುಲುಮೆಯ ಪಕ್ಕ ಕುಳಿತು ನೋಡಲು, ಕೇಳಲು, ಬರೆದುಕೊಳ್ಳಲು ಬಿಟ್ಟರೆ ಸಾಕು. ಅದು ಹೀಗೇ ಎಂದು ಮುಗಿಸದೆ, ಗೊತ್ತಿದ್ದಷ್ಟು ಕಾರಣ ಹೇಳಿದರೆ ಇನ್ನೂ ಒಳ್ಳೆಯದು. ಮೂಲೆಯಲ್ಲಿ ಬಿದ್ದಿರುವ ಕಂಬಚ್ಚು, ಹಳೆಯ ಅಚ್ಚುಗಳು, ಮುರಿದ ಚಾಣಗಳನ್ನು ಗುಜರಿಗೆ ಹಾಕುವ ಮೊದಲು ಅವರಿಗೊಮ್ಮೆ ತೋರಿಸಬೇಕು. ಅಭ್ಯಾಸಕ್ಕೆಂದು ಹಳೆಯ ಹಿತ್ತಾಳೆ ಕೊಡುವಾಗ ಒಂದು ಎಚ್ಚರ: ನಲ್ಲಿ, ವಾಲ್ವುಗಳಂಥ ಯಂತ್ರದಲ್ಲಿ ಕಡೆದ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸೀಸ ಬೆರೆತಿರುತ್ತದೆ. ಅದು ಬಡಿದರೆ ಒಡೆಯುತ್ತದೆ, ಕರಗಿಸಿದರೆ ಹೊಗೆ ವಿಷ. ಅದನ್ನು ಕೊಡ, ತಟ್ಟೆಗಳ ತಗಡಿನೊಂದಿಗೆ ಬೆರೆಸದೆ ಬೇರೆ ಕಟ್ಟಿ, ಎಲ್ಲಿಂದ ಬಂದದ್ದೆಂದು ಒಂದು ಚೀಟಿ ಬರೆದಿಡಬೇಕು.

ಇಂತಿ,
ಲೋಹಕಲೆ ಕಲಿಯುವವರ ಪರವಾಗಿ,
ಅಕ್ಕಿಆಲೂರು